ದೊಡ್ಡಪ್ಪನ ಕಾರಿನಿಂದ ಇಳಿಸಿದ ಎ.ಸಿ.

ಕಳೆದ ಏಪ್ರಿಲ್‌ನಲ್ಲಿ ನಮ್ಮ ದೊಡ್ಡಪ್ಪನ ಅಂಬಾಸಿಡರ್ ಕಾರಿನಿಂದ ಎ.ಸಿ.ಯನ್ನು ಬಿಚ್ಚಿ ಕೆಳಗಿಳಿಸಿದರು. ನ್ಯಾಮತಿಯಿಂದ ಸವಳಂಗಕ್ಕೆ ಹೋಗುವ ರಸ್ತೆಯ ಬದಿಯಲ್ಲಿ, ಹುಣಸೆಮರದ ನೆರಳಿಗೆ ಹೊಂದಿಕೊಂಡಿರುವ ತಗಡಿನ ಗ್ಯಾರೇಜು ಅದು. ಬೆಳಿಗ್ಗೆ ಒಂಬತ್ತಕ್ಕೆ ಹಿಡಿದ ಕೆಲಸ ಮುಗಿದಾಗ ಮಧ್ಯಾಹ್ನ ಮೂರು ಗಂಟೆ. ಬಿಚ್ಚಿದ್ದನ್ನೆಲ್ಲ ಗೋಣಿಚೀಲಕ್ಕೆ ತುಂಬಿ ಮಂಡಿಗೆ ತಂದು, ಮೆಕ್ಕೆಜೋಳ ತೂಗುವ ತಕ್ಕಡಿಯ ಮೇಲಿಟ್ಟೆವು. 31 ಕಿಲೋ. ದೊಡ್ಡಪ್ಪ ಮುಳ್ಳನ್ನು ಎರಡು ಸಲ ನೋಡಿದರು. "ಇಷ್ಟು ಭಾರಾನ ಇಪ್ಪತ್ತು ವರ್ಷ ಸುಮ್ನೆ ಹೊತ್ಕಂಡು ತಿರುಗಿದ್ವಲ್ಲ" ಅಂದರು.

ನಾನು ಇತಿಹಾಸದಲ್ಲಿ ಪಿಎಚ್.ಡಿ. ಮಾಡುತ್ತಿರುವ ವಿದ್ಯಾರ್ಥಿ. ನಮ್ಮ ಶಿಸ್ತಿನಲ್ಲಿ ಯಂತ್ರಗಳು ಬಂದದ್ದಕ್ಕೆ ದಾಖಲೆಗಳು ಧಾರಾಳವಾಗಿವೆ. ಬೀರೂರಿನಿಂದ ಶಿವಮೊಗ್ಗಕ್ಕೆ ರೈಲು ಬಂದದ್ದು 1899ರಲ್ಲಿ. ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗೆ ಮುಟ್ಟಿದ್ದು 1902ರಲ್ಲಿ, ಬೆಂಗಳೂರಿನ ಬೀದಿಗೆ ದೀಪ ಬಂದದ್ದು 1905ರಲ್ಲಿ. ಈ ಇಸವಿಗಳನ್ನು ಶಾಲೆಯ ಮಕ್ಕಳೂ ಹೇಳುತ್ತಾರೆ. ಆದರೆ ಬಂದ ಯಂತ್ರ ಕೆಟ್ಟಿತು, ಬಿಚ್ಚಿ ಹೊರಗಿಟ್ಟರು ಎಂಬುದಕ್ಕೆ ಇಸವಿ ಇರುವುದಿಲ್ಲ. ಬ್ರಿಟಿಷ್ ಇತಿಹಾಸಕಾರ ಡೇವಿಡ್ ಎಡ್ಜರ್ಟನ್ 2006ರಲ್ಲಿ ಪ್ರಕಟಿಸಿದ 'ದಿ ಶಾಕ್ ಆಫ್ ದಿ ಓಲ್ಡ್' ಪುಸ್ತಕದಲ್ಲಿ, ತಂತ್ರಜ್ಞಾನದ ಚರಿತ್ರೆಯನ್ನು ಆವಿಷ್ಕಾರದ ಕಡೆಯಿಂದಲ್ಲ, ಬಳಕೆ ಮತ್ತು ರಿಪೇರಿಯ ಕಡೆಯಿಂದ ನೋಡಬೇಕೆಂದು ವಾದಿಸುತ್ತಾರೆ. ಅದನ್ನು ಓದಿ ಅಡಿಗೆರೆ ಎಳೆದದ್ದು ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ. ಅರ್ಥವಾದದ್ದು ಈ ಹುಣಸೆಮರದ ಕೆಳಗೆ.

ಕಾರಿನ ಕಥೆ ಮೊದಲು ಹೇಳಬೇಕು. ಅದು 1992ರ ಡೀಸೆಲ್ ಅಂಬಾಸಿಡರ್. ನಂಬರ್ ಪ್ಲೇಟಿನ ಮೇಲೆ ಕೆಎ-14, ಅಂದರೆ ಶಿವಮೊಗ್ಗ. ಆಗ ನ್ಯಾಮತಿ ಹೊನ್ನಾಳಿ ತಾಲ್ಲೂಕಿನ ಊರು, ಹೊನ್ನಾಳಿ ಶಿವಮೊಗ್ಗ ಜಿಲ್ಲೆಯಲ್ಲಿತ್ತು. 1997ರಲ್ಲಿ ದಾವಣಗೆರೆ ಜಿಲ್ಲೆಯಾದಾಗ ನಾವು ಆ ಕಡೆ ಸೇರಿದೆವು. ಆಮೇಲೆ ಊರಿಗೆ ಬಂದ ಕಾರುಗಳ ಮೇಲೆ ಕೆಎ-17. 2018ರಲ್ಲಿ ನ್ಯಾಮತಿಯೇ ತಾಲ್ಲೂಕಾಯಿತು. ಊರಿನ ಮೇಲಧಿಕಾರ ಹೀಗೆ ಎರಡು ಸಲ ಬದಲಾದರೂ ಈ ಕಾರು ಮಾತ್ರ ಹಳೆಯ ಜಿಲ್ಲೆಯ ನಂಬರನ್ನು ಹೊತ್ತುಕೊಂಡೇ ಹೊಸ ಜಿಲ್ಲೆಯ ರಸ್ತೆಗಳಲ್ಲಿ ಓಡುತ್ತಿದೆ.

ಅಂಬಾಸಿಡರ್ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಅಚ್ಚು. ಪಶ್ಚಿಮ ಬಂಗಾಳದ ಉತ್ತರಪಾಡಾದಲ್ಲಿ ಹಿಂದೂಸ್ತಾನ್ ಮೋಟಾರ್ಸ್ ಕಂಪನಿ ಅದನ್ನು 1950ರ ದಶಕದ ಕೊನೆಯಿಂದ 2014ರ ಮೇ ತಿಂಗಳವರೆಗೆ ತಯಾರಿಸಿತು. ಅಷ್ಟು ದಶಕಗಳಲ್ಲಿ ಅದರ ಮೈಕಟ್ಟು ಹೆಚ್ಚೇನೂ ಬದಲಾಗಲಿಲ್ಲ. ದೊಡ್ಡಪ್ಪನ ಕಾರಿನಲ್ಲಿರುವ 1489 ಸಿ.ಸಿ. ಡೀಸೆಲ್ ಎಂಜಿನ್ನಿನ ಬಲ ಸುಮಾರು 37 ಅಶ್ವಶಕ್ತಿ. ಇವತ್ತಿನ ಅತಿ ಚಿಕ್ಕ ಕಾರಿನ ಎಂಜಿನ್ನಿಗೂ ಇದಕ್ಕಿಂತ ಹೆಚ್ಚು ಬಲವಿದೆ. ಅಡಿಕೆ ಮೂಟೆ, ಜೋಳದ ಚೀಲ, ಮದುವೆಗೆ ಹೊರಟ ಒಂಬತ್ತು ಜನ, ಎಲ್ಲವನ್ನೂ ಆ 37 ಕುದುರೆಗಳೇ ಎಳೆದವು.

ಇಂಥ ಕಾರಿಗೆ ಎ.ಸಿ. ಯಾಕೆ ಬಂತು? ಕಂಪನಿಯಿಂದ ಬಂದದ್ದಲ್ಲ, ಹೊರಗೆ ಕೂರಿಸಿದ್ದು. 1993ರಲ್ಲಿ ದೊಡ್ಡಪ್ಪನ ಮಗಳಿಗೆ, ನಮ್ಮ ಅಕ್ಕನಿಗೆ, ಬೆಂಗಳೂರಿನ ಸಂಬಂಧ ಗೊತ್ತಾಯಿತು. ಮದುವೆ ಮೇ ತಿಂಗಳು. ಬೀಗರನ್ನು ಶಿವಮೊಗ್ಗದ ರೈಲ್ವೆ ಸ್ಟೇಷನ್ನಿನಿಂದ ಬಿಸಿಲಲ್ಲಿ ಕರೆತರುವುದು ಹೇಗೆ ಎಂದು ದೊಡ್ಡಪ್ಪನಿಗೆ ಚಿಂತೆಯಾಯಿತು. ಕಾರನ್ನು ಬೆಂಗಳೂರಿಗೆ ಒಯ್ದು, ಮೂರು ದಿನ ಅಲ್ಲೇ ಉಳಿದು, ಡ್ಯಾಶ್‌ಬೋರ್ಡಿನ ಕೆಳಗೆ ಒಂದು ಕಪ್ಪು ಪೆಟ್ಟಿಗೆ ಕೂರಿಸಿಕೊಂಡು ಬಂದರು. ಅದರಲ್ಲಿ ಎರಡು ತಿರುಗಣಿ, ಮೂರು ಜಾಲರಿ. ಬೀಗರು ಬಂದರು, ತಂಪಾಗಿ ಕೂತರು, ಗಾಳಿ ಜಾಸ್ತಿಯಾಯಿತೆಂದು ಗಾಜು ಇಳಿಸಿದರು. ಇದನ್ನು ದೊಡ್ಡಪ್ಪ ಇವತ್ತಿಗೂ ನಗುತ್ತಲೇ ಹೇಳುತ್ತಾರೆ, ಆದರೆ ಪೂರ್ತಿ ನಗುವಲ್ಲ ಅದು.

ಕಂಪ್ರೆಸರ್ ತಿರುಗಲು ಎಂಜಿನ್ನಿನಿಂದಲೇ ಮೂರ್ನಾಲ್ಕು ಅಶ್ವಶಕ್ತಿ ಬೇಕು. ಹತ್ತರಲ್ಲಿ ಒಂದು ಪಾಲು ತಂಪಿಗೇ ಹೋಯಿತು. ಏರು ರಸ್ತೆಯಲ್ಲಿ ಎ.ಸಿ. ಆರಿಸಿದರೆ ಮಾತ್ರ ಗಾಡಿ ಹತ್ತುತ್ತಿತ್ತು. ಹಾಗಾಗಿ ದಿನನಿತ್ಯ ಯಾರೂ ಹಾಕುತ್ತಿರಲಿಲ್ಲ. ಅಳಿಯ ಬಂದಾಗ, ಬ್ಯಾಂಕಿನ ಮ್ಯಾನೇಜರು ಹತ್ತಿದಾಗ, ಬಾಣಂತಿಯನ್ನು ಕರೆತರುವಾಗ ಹಾಕುತ್ತಿದ್ದರು. ದೊಡ್ಡಮ್ಮ ಒಬ್ಬರೇ ಕೂತಾಗ ಅದನ್ನು ಹಾಕಿದ ನೆನಪು ಮನೆಯಲ್ಲಿ ಯಾರಿಗೂ ಇಲ್ಲ.

ತಂಪು ಯಾರಿಗೆ ಸಲ್ಲಬೇಕು ಎಂಬುದು ಹಳೆಯ ಲೆಕ್ಕ. ಬಾಗಿಲಿಗೆ ಲಾವಂಚದ ತಟ್ಟಿ ಕಟ್ಟಿ ನೀರು ಚಿಮುಕಿಸುವ ಉಪಾಯ ನಮ್ಮ ದೇಶದಲ್ಲಿ ಬಹಳ ಹಿಂದಿನಿಂದ ಇತ್ತು. ಒಳಗೆ ಕೂತವರಿಗೆ ತಂಪು, ಹೊರಗೆ ನಿಂತು ನೀರು ಹಾಕುವವನಿಗೆ ಬಿಸಿಲು. 1833ರಲ್ಲಿ ಫ್ರೆಡರಿಕ್ ಟ್ಯೂಡರ್ ಎಂಬ ವ್ಯಾಪಾರಿ ಅಮೆರಿಕದ ಕೆರೆಗಳ ಮಂಜುಗಡ್ಡೆಯನ್ನು ಬಾಸ್ಟನ್ನಿನಿಂದ ಹಡಗಿನಲ್ಲಿ ಕಲ್ಕತ್ತೆಗೆ ಕಳಿಸಿದ. ಮದ್ರಾಸಿನ ಸಮುದ್ರದಂಡೆಯಲ್ಲಿ ಅದಕ್ಕೆಂದೇ ಕಟ್ಟಿದ ಐಸ್ ಹೌಸ್ ಈಗ ವಿವೇಕಾನಂದರ ಹೆಸರಿನಲ್ಲಿದೆ. 1934ರಲ್ಲಿ ಮುಂಬಯಿಯಿಂದ ಪೇಶಾವರಕ್ಕೆ ಓಡುತ್ತಿದ್ದ ಫ್ರಾಂಟಿಯರ್ ಮೇಲ್ ರೈಲಿನ ಡಬ್ಬಿಯನ್ನು ಮಂಜುಗಡ್ಡೆ ಇಟ್ಟು ತಂಪು ಮಾಡಿದರು. ಎಲ್ಲ ಕಡೆಯೂ ಅದು ಮೇಲಿನ ದರ್ಜೆಯವರ ಸ್ವತ್ತು.

ಕಾರಿನೊಳಗೆ ತಂಪಿನ ಯಂತ್ರ ಹೊಕ್ಕಿದ್ದು ಅಮೆರಿಕದಲ್ಲಿ. ಪ್ಯಾಕರ್ಡ್ ಕಂಪನಿ 1939ರ ಕೊನೆಯಲ್ಲಿ, 1940ರ ಮಾದರಿಗೆಂದು ಅದನ್ನು ಸಾರಿತು. ಬೆಲೆ 274 ಡಾಲರ್. ತಂಪು ಮಾಡುವ ಸುರುಳಿ ಹಿಂದಿನ ಸೀಟಿನ ಬೆನ್ನಿಗಿತ್ತು. ಈ ಯಂತ್ರದ ಒಂದು ವಿಷಯ ಓದಿ ನಾನು ಬೆರಗಾದೆ: ಕಂಪ್ರೆಸರನ್ನು ನಿಲ್ಲಿಸುವ ಸ್ವಿಚ್ಚೇ ಅದಕ್ಕಿರಲಿಲ್ಲ. ಈಗಿನ ಕಾರುಗಳಲ್ಲಿ ಗುಂಡಿ ಒತ್ತಿದರೆ ಕಂಪ್ರೆಸರನ್ನು ಪುಲ್ಲಿಯಿಂದ ಬಿಡಿಸುವ ಕ್ಲಚ್ ಇರುತ್ತದೆ. ಪ್ಯಾಕರ್ಡ್‌ನಲ್ಲಿ ಅದಿರಲಿಲ್ಲ. ತಂಪು ಬೇಡವಾದರೆ ಡ್ರೈವರು ಗಾಡಿ ನಿಲ್ಲಿಸಿ, ಎಂಜಿನ್ ಆರಿಸಿ, ಬಾನೆಟ್ ಎತ್ತಿ, ಬೆಲ್ಟನ್ನು ಕೈಯಿಂದ ಕಳಚಬೇಕಿತ್ತು. 1941ರ ನಂತರ ಕಂಪನಿ ಅದನ್ನು ಕೈಬಿಟ್ಟಿತು.

ನಮ್ಮ ಮೇಸ್ತ್ರಿ 2002ರಲ್ಲಿ ಮಾಡಿದ್ದೂ ಅದನ್ನೇ. ತಂಪು ಪೂರ್ತಿ ನಿಂತುಹೋಗಿ, ಕಂಪ್ರೆಸರಿನ ಒಳಗೆ ಕಟಕಟ ಶಬ್ದ ಶುರುವಾದಾಗ, ರಿಪೇರಿಗೆ ಬೆಂಗಳೂರಿಗೆ ಹೋಗಲು ದೊಡ್ಡಪ್ಪನಿಗೆ ಮನಸ್ಸಾಗಲಿಲ್ಲ. ಬೀಗರೂ ಅಷ್ಟರಲ್ಲಿ ಸ್ವಂತ ಕಾರಿನಲ್ಲಿ ಬರುತ್ತಿದ್ದರು. ಮೇಸ್ತ್ರಿ ಬೆಲ್ಟ್ ಕಳಚಿ ಡಿಕ್ಕಿಗೆ ಹಾಕಿದರು. ಉಳಿದದ್ದೆಲ್ಲ ಇದ್ದಲ್ಲೇ ಇತ್ತು. ಜಗತ್ತಿನ ಮೊದಲ ಕಾರ್ ಎ.ಸಿ.ಗೆ ಇದ್ದ ಒಂದೇ ಸ್ವಿಚ್ಚು, ಅರವತ್ತು ವರ್ಷಗಳ ನಂತರ, ಅದನ್ನು ಎಲ್ಲೂ ಓದದ ಒಬ್ಬ ಮೇಸ್ತ್ರಿಯ ಕೈಗೆ ತಾನಾಗಿ ಸಿಕ್ಕಿತ್ತು.

ಇನ್ನೊಂದು ಕಾಕತಾಳೀಯವೂ ಇದೆ. ಅಮೆರಿಕದಲ್ಲೂ ಅಂಬಾಸಿಡರ್ ಎಂಬ ಹೆಸರಿನ ಕಾರಿತ್ತು, ನ್ಯಾಶ್ ಕಂಪನಿಯದು. ನಮ್ಮ ಮನೆಗಳಲ್ಲಿ ಫ್ರಿಜ್ಜಿನಿಂದ ಪರಿಚಯವಾದ ಕೆಲ್ವಿನೇಟರ್ ಜೊತೆ ಆ ಕಂಪನಿ 1937ರಲ್ಲಿ ಒಂದಾಗಿತ್ತು. ಫ್ರಿಜ್ಜಿನ ವಿದ್ಯೆ ಕೈಯಲ್ಲಿದ್ದುದರಿಂದ 1954ರ ನ್ಯಾಶ್ ಅಂಬಾಸಿಡರಿನಲ್ಲಿ ಕಂಪ್ರೆಸರು, ಸುರುಳಿ, ಹೀಟರು ಎಲ್ಲವನ್ನೂ ಕಾರಿನ ಮುಂಭಾಗದಲ್ಲೇ ಒಟ್ಟಿಗೆ ಕೂರಿಸಿದರು. 1968ರಲ್ಲಿ ಅದರ ಉತ್ತರಾಧಿಕಾರಿ ಕಂಪನಿ ಎಲ್ಲ ಅಂಬಾಸಿಡರುಗಳಿಗೂ ಎ.ಸಿ.ಯನ್ನು ಸೇರಿಸಿಯೇ ಮಾರಿತು. ಅದೇ ಹೆಸರಿನ ನಮ್ಮ ಕಾರಿಗೆ, ನ್ಯಾಮತಿಯಲ್ಲಿ, ಒಂದು ಮದುವೆಯ ನೆಪದಲ್ಲಿ ಅದು ಬಂದದ್ದು ಇಪ್ಪತ್ತೈದು ವರ್ಷ ತಡವಾಗಿ.

ಈಗ ಬಿಚ್ಚುವ ಕಾರಣ ಏನೆಂದರೆ, ಕಂಪ್ರೆಸರನ್ನು ಹಿಡಿದಿದ್ದ ಕಬ್ಬಿಣದ ಬ್ರಾಕೆಟ್ಟು ಸೀಳು ಬಿಟ್ಟಿತ್ತು. ಗಾಡಿ ಓಡುವಾಗ ಅಷ್ಟೂ ಭಾರ ಅಲುಗಾಡುತ್ತಿತ್ತು. ರೇಡಿಯೇಟರಿನ ಮುಂದೆ ನಿಂತಿದ್ದ ಕಂಡೆನ್ಸರಿನ ರೆಕ್ಕೆಗಳಲ್ಲಿ ಇಪ್ಪತ್ತು ವರ್ಷದ ಧೂಳು, ಜೋಳದ ಹೊಟ್ಟು, ಸತ್ತ ಚಿಟ್ಟೆಗಳು ತುಂಬಿಕೊಂಡು ಗಾಳಿಯೇ ಒಳಗೆ ಹೋಗುತ್ತಿರಲಿಲ್ಲ. ಹೊನ್ನಾಳಿಗೆ ಹೋಗಿ ಬರುವಷ್ಟರಲ್ಲಿ ಎಂಜಿನ್ ಕಾಯುತ್ತಿತ್ತು. ತಂಪು ಕೊಡಲೆಂದು ಬಂದದ್ದು ಈಗ ಕಾರಿಗೇ ಬಿಸಿ ಹತ್ತಿಸುತ್ತಿತ್ತು. ಹದಿನೈದು ವರ್ಷ ದಾಟಿದ ಕಾರುಗಳ ಮರುನೋಂದಣಿ ಶುಲ್ಕ 2022ರ ಏಪ್ರಿಲ್‌ನಿಂದ 600 ರೂಪಾಯಿಯಿಂದ 5,000ಕ್ಕೆ ಏರಿತ್ತು. ಅದನ್ನೂ ಕಟ್ಟಿ ಉಳಿಸಿಕೊಂಡ ಕಾರು ಕಾದು ನಿಂತರೆ ದೊಡ್ಡಪ್ಪನಿಗೆ ಅವಮಾನ.

ಮೇಸ್ತ್ರಿ ಮೊದಲು ಬ್ಯಾಟರಿಯ ತಂತಿ ಬಿಚ್ಚಿದರು. ಆಮೇಲೆ ಪಾನಾ ಹಿಡಿದು ಕಂಪ್ರೆಸರಿನ ಪೈಪಿಗೆ ಕೈ ಹಾಕಿದಾಗ ನಾನು ತಡೆದೆ. "ಒಳಗೆ ಗ್ಯಾಸ್ ಇದ್ರೆ?"

ನನಗೆ ಭಯ ಇದ್ದದ್ದು ಅದೇ. ಈ ಕಾರಿನ ಎ.ಸಿ. ಕೂರಿಸಿದ ಕಾಲದಲ್ಲಿ ಬಳಸುತ್ತಿದ್ದದ್ದು ಆರ್-12 ಎಂಬ ಅನಿಲ, ಸಿ.ಎಫ್.ಸಿ. ಜಾತಿಯದು. ಅದಕ್ಕೂ ಮುಂಚೆ ಫ್ರಿಜ್ಜುಗಳಲ್ಲಿ ಅಮೋನಿಯಾ, ಸಲ್ಫರ್ ಡೈಆಕ್ಸೈಡ್‌ನಂಥ ವಿಷಗಳಿರುತ್ತಿದ್ದವು. ಸೋರಿದರೆ ಜನ ಸಾಯುತ್ತಿದ್ದರು. 1928ರಲ್ಲಿ ಥಾಮಸ್ ಮಿಜ್ಲಿ ಎಂಬ ಅಮೆರಿಕನ್ ಎಂಜಿನಿಯರ್ ಮತ್ತು ಅವನ ಸಹಾಯಕರು ಈ ಹೊಸ ಅನಿಲವನ್ನು ತಯಾರಿಸಿದರು. 1930ರಲ್ಲಿ ರಸಾಯನಶಾಸ್ತ್ರಜ್ಞರ ಸಭೆಯೊಂದರಲ್ಲಿ ಮಿಜ್ಲಿ ಅದನ್ನು ಎದೆತುಂಬ ಉಸಿರೆಳೆದುಕೊಂಡು ಮೋಂಬತ್ತಿಯ ಮೇಲೆ ಊದಿ ಆರಿಸಿದ. ವಿಷವಲ್ಲ, ಬೆಂಕಿ ಹತ್ತುವುದೂ ಇಲ್ಲ ಎಂದು ಎರಡನ್ನೂ ಒಂದೇ ಉಸಿರಿನಲ್ಲಿ ತೋರಿಸಿದ. ಅವನು ತೋರಿಸಿದ್ದು ಸುಳ್ಳಲ್ಲ. ಆದರೆ ನೆಲದ ಹತ್ತಿರ ಯಾವುದರ ಜೊತೆಗೂ ಬೆರೆಯದ ಅನಿಲ ಕೊನೆಗೆ ಎಲ್ಲಿ ಹೋಗುತ್ತದೆ ಎಂದು ಆಗ ಯಾರೂ ಕೇಳಲಿಲ್ಲ. 1974ರಲ್ಲಿ ಮಾರಿಯೋ ಮೊಲಿನಾ ಮತ್ತು ಶೆರ್‌ವುಡ್ ರೋಲ್ಯಾಂಡ್ ಅದನ್ನು ಕೇಳಿದರು. ಅದು ಮೇಲೇರಿ, ಸೂರ್ಯನ ಅತಿನೇರಳೆ ಕಿರಣಕ್ಕೆ ಒಡೆದು, ಬಿಡುಗಡೆಯಾದ ಕ್ಲೋರಿನ್ ಓಝೋನ್ ಪದರವನ್ನು ತಿನ್ನುತ್ತದೆ ಎಂದು ತೋರಿಸಿದರು. 1985ರಲ್ಲಿ ಅಂಟಾರ್ಕ್ಟಿಕಾದ ಮೇಲೆ ಓಝೋನ್ ತೀರಾ ತೆಳುವಾಗಿರುವುದು ಬೆಳಕಿಗೆ ಬಂತು. 1987ರ ಸೆಪ್ಟೆಂಬರ್ 16ರಂದು ಮಾಂಟ್ರಿಯಲ್ ಒಪ್ಪಂದವಾಯಿತು.

ಭಾರತ ಅದಕ್ಕೆ ತಕ್ಷಣ ಸೇರಲಿಲ್ಲ. ತೂತು ಮಾಡಿದವರು ಶ್ರೀಮಂತ ದೇಶದವರು, ಬದಲಾವಣೆಯ ಖರ್ಚು ನಾವೇಕೆ ಹೊರಬೇಕು ಎಂಬುದು ನಮ್ಮ ವಾದವಾಗಿತ್ತು. ನ್ಯಾಯದ ಮಾತೇ ಅದು. 1990ರಲ್ಲಿ ಲಂಡನ್ನಿನ ಸಭೆಯಲ್ಲಿ ಬಡ ದೇಶಗಳ ಖರ್ಚಿಗೆ ನಿಧಿಯೊಂದನ್ನು ಒಪ್ಪಿಕೊಂಡ ಮೇಲೆ, 1992ರ ಜೂನ್ 19ರಂದು ಭಾರತ ಸೇರಿತು. ದೊಡ್ಡಪ್ಪನ ಕಾರು ಹುಟ್ಟಿದ ವರ್ಷವೇ ಅದು. ಆದರೆ ಒಪ್ಪಂದದ ಗಡುವುಗಳು ನಿಧಾನವಾಗಿ ಬಂದವು. ಹೊಸ ಉಪಕರಣಗಳ ತಯಾರಿಕೆಯಲ್ಲಿ ಸಿ.ಎಫ್.ಸಿ. ಬಳಕೆ ನಮ್ಮಲ್ಲಿ ನಿಂತದ್ದು 2003ರ ಜನವರಿಯಿಂದ. ಹಾಗಾಗಿ ಒಪ್ಪಂದಕ್ಕೆ ಸಹಿ ಬಿದ್ದ ಮರುವರ್ಷ ಬೆಂಗಳೂರಿನಲ್ಲಿ ಈ ಕಾರಿಗೆ ಆರ್-12 ತುಂಬಿದ್ದು ಕಾನೂನಿನ ಪ್ರಕಾರ ತಪ್ಪೇನೂ ಅಲ್ಲ.

ಇದನ್ನೆಲ್ಲ ಮೇಸ್ತ್ರಿಗೆ ಹೇಳಿದೆ. ಅವರು ಬೀಡಿ ಆರಿಸಿ ಪೂರ್ತಿ ಕೇಳಿಸಿಕೊಂಡರು. ಆಮೇಲೆ ಪೈಪಿನ ಮೇಲಿದ್ದ ಮುಚ್ಚಳ ತಿರುಗಿಸಿ ತೆಗೆದು, ಸೈಕಲ್ ಟ್ಯೂಬಿನ ವಾಲ್ವಿನಂತೆ ಒಳಗಿದ್ದ ಪಿನ್ನನ್ನು ಮೊಳೆಯಿಂದ ಮೆಲ್ಲಗೆ ಒತ್ತಿದರು. ಶಬ್ದವೇ ಇಲ್ಲ. ಇನ್ನೊಂದು ಕಡೆಯೂ ಒತ್ತಿದರು. ಅಲ್ಲೂ ಇಲ್ಲ.

"ಇದ್ರಾಗೆ ಏನೂ ಇಲ್ರಿ. ಅದು ಎಂದೋ ಹೋಗೈತಿ" ಅಂದರು.

ನನಗೆ ಸಮಾಧಾನವಾಯಿತು. ಕೆಲಸ ಸಾಗಿತು. ಪೈಪುಗಳನ್ನು ಬಿಚ್ಚಿ ಬಾಯಿಗೆ ಬಟ್ಟೆ ತುರುಕಿದರು. ಕಂಪ್ರೆಸರನ್ನು ಬ್ರಾಕೆಟ್ ಸಮೇತ ಇಳಿಸಿ, ಒಳಗಿದ್ದ ಕಪ್ಪು ಎಣ್ಣೆಯನ್ನು ನೆಲಕ್ಕೆ ಬಿಡದೆ ಡಬ್ಬಕ್ಕೆ ಬಗ್ಗಿಸಿದರು. ಕಂಡೆನ್ಸರು ಬಂತು, ತೇವ ಹೀರುವ ಡ್ರೈಯರ್ ಡಬ್ಬಿ ಬಂತು. ಒಳಗಿನ ಕೂಲಿಂಗ್ ಕಾಯಿಲ್ ಬಿಚ್ಚುವುದೇ ಹೆಚ್ಚು ಹೊತ್ತು ಹಿಡಿಯಿತು. ಸ್ಕ್ರೂಗಳೆಲ್ಲ ತುಕ್ಕು ಹಿಡಿದು ಕಚ್ಚಿದ್ದವು. ಪೈಪುಗಳು ಹಾದುಹೋಗಲೆಂದು ಎಂಜಿನ್ನಿಗೂ ಸೀಟುಗಳಿಗೂ ನಡುವಿನ ತಗಡಿನ ಗೋಡೆಯಲ್ಲಿ ಎರಡು ತೂತು ಕೊರೆದಿದ್ದರು. ಅವನ್ನು ಹಾಗೇ ಬಿಟ್ಟರೆ ಡೀಸೆಲ್ ಹೊಗೆ, ಮಳೆನೀರು, ಇಲಿ ಎಲ್ಲವೂ ಒಳಗೆ ಬರುತ್ತವೆ. ಮೇಸ್ತ್ರಿ ತಗಡಿನ ಬಿಲ್ಲೆ ಕತ್ತರಿಸಿ, ಹಳೇ ಟ್ಯೂಬಿನ ರಬ್ಬರ್ ಇಟ್ಟು ಬಿಗಿದು ಮುಚ್ಚಿದರು. ಎ.ಸಿ.ಗೆ ಹೋಗುತ್ತಿದ್ದ ಫ್ಯೂಸ್ ಕಿತ್ತು, ಉಳಿದ ತಂತಿಯ ತುದಿಗಳಿಗೆ ಒಂದೊಂದಾಗಿ ಟೇಪು ಸುತ್ತಿದರು. "ಬಿಚ್ಚೋದು ಯಾರಾದ್ರೂ ಬಿಚ್ತಾರೆ ಯಜಮಾನ್ರೇ, ಮುಚ್ಚೋದ್ರಾಗೆ ಐತಿ ಕೆಲ್ಸ" ಅಂದರು. ಎಲ್ಲ ಮುಗಿದಾಗ ಕಾರಿನ ಮೂತಿ ಒಂದು ಬೆರಳಷ್ಟು ಮೇಲೆದ್ದಿತ್ತು.

ಸಂಜೆ ಮಂಡಿಯಲ್ಲಿ ದೊಡ್ಡಪ್ಪ ತಮ್ಮ ಟ್ರಂಕಿನಿಂದ ಕಾರಿನ ಕಾಗದಗಳ ಕಟ್ಟು ತೆಗೆದುಕೊಟ್ಟರು. ಅವರು ಯಾವ ರಸೀದಿಯನ್ನೂ ಎಸೆದವರಲ್ಲ. ಅದರಲ್ಲಿ ಗ್ಯಾಸ್ ತುಂಬಿಸಿದ ಬಿಲ್ಲುಗಳು ಸಿಕ್ಕವು, 1994ರಿಂದ 2001ರವರೆಗೆ ಆರು. ಹೆಚ್ಚುಕಡಿಮೆ ಪ್ರತಿ ಬೇಸಿಗೆಗೂ ಒಂದು. ಹಳೆಯ ರಬ್ಬರ್ ಪೈಪುಗಳಿಂದ, ಕೀಲುಗಳಿಂದ ಅದು ವರ್ಷವಿಡೀ ಸೋರುತ್ತಿತ್ತು. ನೆಂಟರು ಬರುವ ಕಾಲಕ್ಕೆ ಮತ್ತೆ ತುಂಬಿಸುತ್ತಿದ್ದರು.

ಅಲ್ಲಿ ನನ್ನ ಸಮಾಧಾನ ಹೋಯಿತು. ಮೇಸ್ತ್ರಿ ಎಂದೋ ಹೋಗೈತಿ ಅಂದರಲ್ಲ, ಹೋದದ್ದು ಎಲ್ಲಿಗೆ? ಒಂದು ಸಲಕ್ಕೆ ಒಂದು ಕಿಲೋ ಎಂದಿಟ್ಟುಕೊಂಡರೆ ಆರು ಕಿಲೋ. ಈ ಅನಿಲ ವಾತಾವರಣದಲ್ಲಿ ಸುಮಾರು ನೂರು ವರ್ಷ ಬಾಳುತ್ತದೆ. ಅಂದರೆ ಅದರ ಹೆಚ್ಚಿನ ಪಾಲು ಇವತ್ತಿಗೂ ಮೇಲಿದೆ. ಓಝೋನ್ ತಿನ್ನುವುದರ ಜೊತೆಗೆ ಅದು ಬಿಸಿಯನ್ನೂ ಹಿಡಿದಿಡುತ್ತದೆ. ನೂರು ವರ್ಷದ ಲೆಕ್ಕದಲ್ಲಿ ಒಂದು ಕಿಲೋ ಆರ್-12, ಹತ್ತು ಸಾವಿರ ಕಿಲೋಗೂ ಮಿಕ್ಕ ಇಂಗಾಲದ ಡೈಆಕ್ಸೈಡಿಗೆ ಸಮ. ಆರು ಕಿಲೋ ಅಂದರೆ ಅರವತ್ತು ಟನ್ನಿಗೂ ಹೆಚ್ಚು. ಒಂದು ಲೀಟರ್ ಡೀಸೆಲ್ ಉರಿದರೆ ಸುಮಾರು 2.7 ಕಿಲೋ ಇಂಗಾಲದ ಡೈಆಕ್ಸೈಡ್ ಬರುತ್ತದೆ. ಲೀಟರಿಗೆ 12 ಕಿಲೋಮೀಟರಿನಂತೆ ಲೆಕ್ಕ ಹಾಕಿದರೆ, ಅರವತ್ತು ಟನ್ನಿಗೆ ಕಾರು ಎರಡೂವರೆ ಲಕ್ಷ ಕಿಲೋಮೀಟರಿಗಿಂತ ಹೆಚ್ಚು ಓಡಬೇಕು. ದೊಡ್ಡಪ್ಪನ ಕಾರು ಹುಟ್ಟಿದಂದಿನಿಂದ ಎರಡು ಲಕ್ಷವೂ ಓಡಿಲ್ಲ. ಮೂವತ್ತು ವರ್ಷ ಉಗುಳಿದ ಕಪ್ಪು ಹೊಗೆಗಿಂತ, ವರ್ಷಕ್ಕೆ ನಾಲ್ಕು ದಿನ ನೆಂಟರಿಗೆ ಹಾಕಿದ ತಂಪು ಆಕಾಶಕ್ಕೆ ಭಾರವಾಗಿತ್ತು. ಹೊಗೆ ಕಣ್ಣಿಗೆ ಕಾಣುತ್ತಿತ್ತು, ಇದು ಕಾಣಲಿಲ್ಲ.

ಇದನ್ನು ದೊಡ್ಡಪ್ಪನ ತಪ್ಪೆಂದು ಬರೆಯಲು ನನಗೆ ಮನಸ್ಸಿಲ್ಲ, ಬರೆದರೆ ಅದು ಚರಿತ್ರೆಯೂ ಆಗುವುದಿಲ್ಲ. ಗ್ಯಾಸ್ ತುಂಬಿದವನು ಸೋರುವ ಪೈಪು ಬದಲಿಸಿ ಎನ್ನಲಿಲ್ಲ. ಅದು ಎಲ್ಲಿ ಹೋಗುತ್ತದೆ ಎಂದು ನ್ಯಾಮತಿಯಲ್ಲಿ ಯಾರೂ ಹೇಳಿರಲಿಲ್ಲ. ಜಗತ್ತಿನ ಲೆಕ್ಕದಲ್ಲಿ ನಮ್ಮ ದೇಶದವರ ಪಾಲು ಆಗ ತೀರಾ ಸಣ್ಣದು. ಒಳ್ಳೆಯ ಸುದ್ದಿಯೂ ಇದೆ: ಮಾಂಟ್ರಿಯಲ್ ಒಪ್ಪಂದ ಫಲ ಕೊಟ್ಟಿದೆ. ವಿಶ್ವಸಂಸ್ಥೆ 2023ರಲ್ಲಿ ಪ್ರಕಟಿಸಿದ ಅಂದಾಜಿನ ಪ್ರಕಾರ ಜಗತ್ತಿನ ಬಹುಭಾಗದಲ್ಲಿ ಓಝೋನ್ ಪದರ 2040ರ ಹೊತ್ತಿಗೆ, ಅಂಟಾರ್ಕ್ಟಿಕಾದ ಮೇಲೆ 2066ರ ಹೊತ್ತಿಗೆ 1980ರ ಸ್ಥಿತಿಗೆ ಮರಳಬಹುದು. ಆರ್-12ರ ನಂತರ ಕಾರುಗಳಿಗೆ ಬಂದ ಆರ್-134ಎ ಓಝೋನನ್ನು ಮುಟ್ಟುವುದಿಲ್ಲ. ಆದರೆ ಬಿಸಿ ಹಿಡಿದಿಡುವುದರಲ್ಲಿ ಅದೂ ಇಂಗಾಲದ ಡೈಆಕ್ಸೈಡಿನ ಸುಮಾರು 1,400 ಪಟ್ಟು. ಅದನ್ನು ತಗ್ಗಿಸಲು 2016ರ ಕಿಗಾಲಿ ತಿದ್ದುಪಡಿ ಇದೆ, ಭಾರತ 2021ರಲ್ಲಿ ಅದನ್ನು ಅಂಗೀಕರಿಸಿದೆ. ಈಗ ನಮ್ಮೂರಿನಲ್ಲಿ ಬೇಸಿಗೆ ಬಂದರೆ ಹಳೆಯ ಕಾರುಗಳು ಗ್ಯಾಸ್ ತುಂಬಿಸಲು ಶಿವಮೊಗ್ಗಕ್ಕೆ ಹೋಗುತ್ತವೆ. ಹಿಂದಿನ ವರ್ಷ ತುಂಬಿಸಿದ್ದು ಎಲ್ಲಿ ಹೋಯಿತು ಎಂದು ಈಗಲೂ ಹೆಚ್ಚು ಜನ ಕೇಳುವುದಿಲ್ಲ. ಕೇಳಬೇಕು. ಮೊದಲು ಸೋರಿಕೆ ಮುಚ್ಚಿಸಿ ಆಮೇಲೆ ತುಂಬಿಸಬೇಕು. ಬಿಚ್ಚಿ ತೆಗೆಯುವುದಾದರೆ, ಉಳಿದ ಅನಿಲವನ್ನು ಸಿಲಿಂಡರಿಗೆ ಎಳೆದುಕೊಳ್ಳುವ ಯಂತ್ರ ಇರುವ ಕಡೆಗೇ ಒಯ್ಯಬೇಕು.

ಮರುದಿನ ಗುಜರಿಯವನು ಬಂದು ತಾಮ್ರ, ಅಲ್ಯೂಮಿನಿಯಂ, ಕಬ್ಬಿಣ ಬೇರೆ ಬೇರೆ ತೂಗಿ ಹಣ ಕೊಟ್ಟ. ದೊಡ್ಡಪ್ಪ ಅದನ್ನು ಮೇಸ್ತ್ರಿಯ ಕೈಕೆಳಗಿನ ಹುಡುಗನಿಗೆ ಕೊಟ್ಟರು. ಎರಡು ತಿರುಗಣಿಗಳ ಆ ಕಪ್ಪು ಪೆಟ್ಟಿಗೆಯ ಮುಖವನ್ನು ಮಾತ್ರ ಮಾರಲು ಬಿಡಲಿಲ್ಲ, ಮಂಡಿಯ ಕಪಾಟಿನಲ್ಲಿಟ್ಟರು. ಆರು ಬಿಲ್ಲುಗಳನ್ನು ನಾನು ಕೇಳಿ ಪಡೆದೆ. ಅವೀಗ ನನ್ನ ಸಂಶೋಧನೆಯ ಫೈಲಿನಲ್ಲಿವೆ.

ಆ ಸಂಜೆ ದೊಡ್ಡಮ್ಮ ಮುಂದಿನ ಸೀಟಿನಲ್ಲಿ, ನಾನು ಹಿಂದೆ ಕೂತು ಹೊನ್ನಾಳಿಗೆ ಹೋಗಿಬಂದೆವು. ಎಂಜಿನ್ ಕಾಯಲಿಲ್ಲ. ನಾಲ್ಕೂ ಗಾಜು ಇಳಿಸಿದ್ದೆವು. ಗದ್ದೆಗಳ ಕಡೆಯಿಂದ ಗಾಳಿ ಬರುತ್ತಿತ್ತು. ದೊಡ್ಡಪ್ಪನಿಗೆ ಆರು ಕಿಲೋದ ಲೆಕ್ಕ ವಿವರಿಸಿದೆ. ಅವರು ಬಹಳ ಹೊತ್ತು ಏನೂ ಹೇಳದೆ ಗಾಡಿ ಓಡಿಸಿದರು. ಊರು ಹತ್ತಿರ ಬಂದಾಗ ಕೇಳಿದರು: "31 ಕಿಲೋ ಮಾರಿದ್ವಿ. ಆ ಆರು ಕಿಲೋನ ಯಾರು ತಗಂತಾರೆ ಮಗಾ?"